ಟೈರಿಗೆ ಅಷ್ಟೊಂದು ಗಾಳಿ ಬೇಡ

ಸೈಕಲ್ ಟೈರ್ ನೋಡುವುದಕ್ಕೆ ನಮ್ಮಲ್ಲಿ ಇರುವುದು ಒಂದೇ ದಾರಿ. ಹೆಬ್ಬೆರಳಲ್ಲಿ ಒತ್ತುವುದು. ಕಲ್ಲಿನ ಹಾಗಿದ್ದರೆ ಸರಿ, ಸ್ವಲ್ಪ ಬಗ್ಗಿದರೂ ಗಾಳಿ ಹೊಡೆಸು. ಲಕ್ಷ ರೂಪಾಯಿ ಸೈಕಲ್ ತಗೊಂಡವರೂ ಹೀಗೇ ಮಾಡುತ್ತಾರೆ. ನಾನು ನೋಡಿದ ಮಟ್ಟಿಗೆ, ನಮ್ಮ ರಸ್ತೆಗಳಲ್ಲಿ ಬಹಳ ಜನ ಬೇಕಾದ್ದಕ್ಕಿಂತ ಸಣ್ಣ ಟೈರಿನಲ್ಲಿ, ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ತುಂಬಿಕೊಂಡು ಓಡಿಸುತ್ತಿದ್ದಾರೆ. ಕೈ ಜೋಮು ಹಿಡಿದರೆ, ಸೊಂಟ ನೋವು ಬಂದರೆ ಸೀಟು ಬದಲಿಸುತ್ತಾರೆ, ಗ್ಲೌಸ್ ಕೊಳ್ಳುತ್ತಾರೆ. ಗಾಳಿಯ ಕಡೆ ಯಾರೂ ನೋಡುವುದಿಲ್ಲ.

ಟೈರಿನ ಪಕ್ಕದಲ್ಲಿ ‘ಮ್ಯಾಕ್ಸ್ 120 ಪಿಎಸ್‌ಐ’ ಅಂತ (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ) ಅಚ್ಚಾಗಿರುತ್ತದೆ. ಅದು ದಾಟಬಾರದ ಮಿತಿ. ಅಷ್ಟು ತುಂಬಿಸಿ ಅಂತ ಅದರ ಅರ್ಥ ಅಲ್ಲ. 50 ಕೆಜಿ ತೂಕದ ಹುಡುಗಿಗೂ 95 ಕೆಜಿಯ ಗಂಡಸಿಗೂ ಒಂದೇ ಗಾಳಿ ಹೇಗೆ ಸರಿಹೋಗುತ್ತೆ ಹೇಳಿ?

ಗಟ್ಟಿ ಟೈರ್ ಜೋರಾಗಿ ಓಡುತ್ತದೆ ಅನ್ನುವ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಸೈಕಲ್ ರೇಸಿಗೆಂದೇ ಕಟ್ಟಿದ ನುಣುಪಾದ ವೆಲೊಡ್ರೋಮ್ ಟ್ರ್ಯಾಕಿನಲ್ಲಿ ಅದು ನಿಜ. ನಮ್ಮದು ಜಲ್ಲಿ ಎದ್ದ, ತೇಪೆ ಹಾಕಿದ ಡಾಂಬರು. ಅಲ್ಲಿ ಗಟ್ಟಿ ಟೈರು ಒಂದೊಂದು ಜಲ್ಲಿ ಹರಳಿಗೂ ಸೈಕಲ್ಲನ್ನೂ ನಮ್ಮನ್ನೂ ಮೇಲಕ್ಕೆ ಎತ್ತಿ ಹಾಕುತ್ತದೆ. ಆ ನಡುಕದಲ್ಲಿ ನಮ್ಮದೇ ಶಕ್ತಿ ಪೋಲಾಗುತ್ತದೆ. ಕುಲುಕಾಟ ಜಾಸ್ತಿ ಇದ್ದಾಗ ವೇಗವೂ ಜಾಸ್ತಿ ಅನ್ನಿಸುವುದು ಬರೀ ಭ್ರಮೆ. ಹದವಾದ ಗಾಳಿ ಇದ್ದರೆ ಟೈರೇ ಬಗ್ಗಿ ಹರಳನ್ನು ನುಂಗಿಕೊಳ್ಳುತ್ತದೆ, ಸೈಕಲ್ ಸಮನಾಗಿ ಮುಂದೆ ಹೋಗುತ್ತದೆ. ಟೂರ್ ಡಿ ಫ್ರಾನ್ಸ್ ರೇಸಿನ ಸವಾರರೇ ಹಿಂದಿನ 23 ಎಂಎಂ ಅಗಲದ ಟೈರ್ ಬಿಟ್ಟು 28, 30ಕ್ಕೆ ಬಂದಿದ್ದಾರೆ. ಅವರಿಗಿಂತ ಕೆಟ್ಟ ರಸ್ತೆಯಲ್ಲಿ ಓಡಿಸುವ ನಾವು 23ಕ್ಕೇ ಅಂಟಿಕೊಂಡಿರುವುದು ಯಾಕೆ?

ಸುಮಾರು 70 ಕೆಜಿ ಇರುವವರಿಗೆ, ಒಳಗೆ ಟ್ಯೂಬ್ ಇದ್ದರೆ, ನಾನು ಹೇಳುವ ಲೆಕ್ಕ ಹೀಗಿದೆ. 28 ಎಂಎಂ ಟೈರಿಗೆ 70ರಿಂದ 75 ಪಿಎಸ್‌ಐ. 32ಕ್ಕೆ 55–60. ಕಚ್ಚಾ ರಸ್ತೆಗೆ 40 ಎಂಎಂ ಹಾಕಿದ್ದರೆ 35–40. ಎಂಟಿಬಿ, ಅಂದರೆ ಮೌಂಟನ್ ಬೈಕಿನ 2.2 ಇಂಚಿನ ಟೈರಿಗೆ 25–30. ಇದು ಹಿಂದಿನ ಚಕ್ರಕ್ಕೆ. ಮುಂದಿನದಕ್ಕೆ ಭಾರ ಕಮ್ಮಿ ಬೀಳುವುದರಿಂದ ಮೂರ್ನಾಲ್ಕು ಕಮ್ಮಿ ಇರಲಿ. ಇಲ್ಲಿಂದ ಶುರು ಮಾಡಿ, ನಿಮ್ಮ ತೂಕ ನೋಡಿಕೊಂಡು ಏರಿಸಿ ಇಳಿಸಿ.

ತೀರಾ ಇಳಿಸಿದರೂ ಕಷ್ಟ ಇದೆ. ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ, ಹಾವು ಕಚ್ಚಿದ ಗುರುತಿನಂತೆ. ಹಾಗಾದರೆ ಗಾಳಿ ಸಾಲದು ಅಂತಲೇ ಲೆಕ್ಕ. ಪದೇ ಪದೇ ಹೀಗಾದರೆ ಅಗಲದ ಟೈರ್ ಬೇಕು.

ಇನ್ನು ನೆಲದ ವಿಚಾರ. ಬಯಲುಸೀಮೆಯಲ್ಲಿ ಓಡಿಸುವವರಿಗೆ ಗುಂಡಿಗಿಂತ ದೊಡ್ಡ ಶತ್ರು ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಮುಳ್ಳು. ಗಾಳಿ ಎಷ್ಟೇ ಇರಲಿ, ಅವು ಚುಚ್ಚಿಯೇ ಚುಚ್ಚುತ್ತವೆ. ಅಲ್ಲಿ ಟ್ಯೂಬ್‌ಲೆಸ್ ಮಾಡಿಸಿ ತೂತು ಮುಚ್ಚುವ ದ್ರವ, ಅಂದರೆ ಸೀಲಂಟ್ ಹಾಕಿಸುವುದಕ್ಕೆ ಕೊಟ್ಟ ದುಡ್ಡು ವ್ಯರ್ಥ ಅಲ್ಲವೇ ಅಲ್ಲ. ಸಣ್ಣ ತೂತು ಓಡಿಸುತ್ತಿರುವಾಗಲೇ ಮುಚ್ಚಿಹೋಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಎರೆ ಮಣ್ಣು ಬೇರೆಯದೇ ಕಥೆ. ಒಣಗಿದಾಗ ಚೆಂದ ಓಡುತ್ತದೆ. ಮಳೆ ಬಿದ್ದರೆ ಟೈರಿಗೆ ಮೆತ್ತಿಕೊಂಡು ಬ್ರೇಕು, ಫೋರ್ಕಿನ ಸಂದಿಯಲ್ಲಿ ತುಂಬಿ ಚಕ್ರವನ್ನೇ ನಿಲ್ಲಿಸುತ್ತದೆ. ಆ ದಿನ ಯಾವ ಟೈರಿಗೂ ಖರ್ಚು ಮಾಡಬೇಡಿ, ಡಾಂಬರು ರಸ್ತೆ ಹಿಡಿಯಿರಿ. ಟೈರ್ ಆರಿಸುವಾಗಲೂ ಫ್ರೇಮಿಗೂ ಟೈರಿಗೂ ನಡುವೆ ಜಾಗ ಇದೆಯಾ ಅಂತ ಮೊದಲು ನೋಡಿ.

ಮಲೆನಾಡಿನ ಮಳೆಗಾಲಕ್ಕೆ ದೊಡ್ಡ ಹಲ್ಲಿನ ಟೈರ್ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಒದ್ದೆ ಡಾಂಬರಿಗೆ ಬೇಡ. ಸೈಕಲ್ಲಿನ ವೇಗಕ್ಕೆ, ಅಷ್ಟು ಸಣ್ಣ ಟೈರಿಗೆ ನೀರಿನ ಮೇಲೆ ತೇಲಿ ಜಾರುವ ಭಯ ಇಲ್ಲ. ನುಣುಪು ಟೈರಿನ ಮೆತ್ತನೆಯ ರಬ್ಬರೇ ಚೆನ್ನಾಗಿ ಹಿಡಿಯುತ್ತದೆ. ಗಾಳಿ ಐದು ಪಿಎಸ್‌ಐ ಇಳಿಸಿ, ಸಾಕು. ಹಲ್ಲು ಬೇಕಾಗುವುದು ತೋಟದ ಕೆಸರು ದಾರಿಗೆ, ಸಡಿಲ ಮಣ್ಣಿಗೆ. ಆದರೆ ಮರದ ನೆರಳಲ್ಲಿ ಪಾಚಿ ಕಟ್ಟಿದ ತಿರುವು ಬಂದರೆ ಯಾವ ಟೈರನ್ನೂ ನಂಬಬೇಡಿ. ತಿರುವಿಗೆ ಮೊದಲೇ ನಿಧಾನ ಮಾಡಿ.

ಹೊಸ ಟೈರಿಗೂ ಮೊದಲು ಒತ್ತಡ ತೋರಿಸುವ ಗೇಜ್ ಇರುವ ಒಂದು ಪಂಪ್ ತಗೊಳ್ಳಿ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಸೈಕಲ್ ಟೈರಿಗೆ ಸರಿಯಲ್ಲ. ಸೈಕಲ್ ಟ್ಯೂಬು ಚಿಕ್ಕದು, ಕ್ಷಣದಲ್ಲಿ ಮಿತಿ ಮೀರಿ ಸಿಡಿಯಬಹುದು. ಮಾಮೂಲಿ ಟ್ಯೂಬಿನಿಂದ ಗಾಳಿ ತಾನಾಗಿಯೇ ಇಳಿಯುತ್ತಿರುತ್ತದೆ, ಹಾಗಾಗಿ ವಾರಕ್ಕೊಮ್ಮೆಯಾದರೂ ನೋಡಬೇಕು.

ಪಂಪ್ ಮನೆಗೆ ಬಂದ ಮೇಲೆ ಮೊದಲು ಮಕ್ಕಳ ಸೈಕಲ್ ಹಿಡಿಯಿರಿ. 25 ಕೆಜಿಯ ಮಗುವಿನ ಅಗಲ ಟೈರಿಗೆ ದೊಡ್ಡವರ ಲೆಕ್ಕದಲ್ಲಿ 50 ಪಿಎಸ್‌ಐ ತುಂಬಿರುತ್ತಾರೆ. ಆ ಸೈಕಲ್ ಹಂಪ್ ಮೇಲೆ ಪುಟಿಯುತ್ತದೆ, ಮರಳಿನಲ್ಲಿ ಬ್ರೇಕ್ ಹಾಕಿದರೆ ಜಾರುತ್ತದೆ. ಮಗು ಬೀಳುತ್ತದೆ, ನಾವು ‘ನೋಡ್ಕೊಂಡು ಓಡಿಸು’ ಅಂತ ಬೈಯುತ್ತೇವೆ. ಟೈರಿನ ಮೇಲೆ ಕನಿಷ್ಠ ಎಷ್ಟು ಅಂತ ಬರೆದಿದ್ದರೆ ಅದಕ್ಕಿಂತ ಕೆಳಗೆ ಹೋಗದೆ, 25–30ಕ್ಕೆ ಇಳಿಸಿ ಓಡಿಸಲು ಕೊಡಿ.