ಆ ಮೊಸಳೆ ಬರೀ ವೈರಲ್ ಆಗಲಿಕ್ಕೆ ಬಂದಿದ್ದಲ್ಲ

ಬೆಂಗಳೂರಿನ ಯುವ ಕಲಾವಿದರು ರಸ್ತೆಗಿಳಿಯುವುದು ವೈರಲ್ ಆಗಲಿಕ್ಕೆ, ಗಂಭೀರ ಕಲೆ ಗ್ಯಾಲರಿಯಲ್ಲೇ ಇರುತ್ತದೆ ಎಂದು ಒಬ್ಬ ಲೇಖಕರು ಬರೆದಿದ್ದಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೊಳ ಮಾಡಿ ಮೊಸಳೆಯ ಪ್ರತಿಕೃತಿ ಇಟ್ಟರು. ಆಮೇಲೆ ಆ ಗುಂಡಿ ಮುಚ್ಚಿತು. 2019ರಲ್ಲಿ, ಚಂದ್ರಯಾನ-2 ಇಳಿಯಬೇಕಿದ್ದ ದಿನಗಳಲ್ಲಿ, ಅವರದೇ ಇನ್ನೊಂದು ವಿಡಿಯೊ ಬಂತು. ಗಗನಯಾತ್ರಿ ವೇಷದ ನಟ ನಿಧಾನಕ್ಕೆ ಹೆಜ್ಜೆ ಹಾಕುತ್ತಾರೆ, ನಾವು ಚಂದ್ರ ಅಂದುಕೊಳ್ಳುತ್ತೇವೆ. ಪಕ್ಕದಲ್ಲೇ ಒಂದು ಆಟೊ ಹಾದುಹೋದಾಗ ಎದೆ ಧಸಕ್ಕೆನ್ನುತ್ತದೆ, ಅದು ಗುಂಡಿಬಿದ್ದ ನಮ್ಮದೇ ರಸ್ತೆ. ಆ ಆಟೊ ಗ್ಯಾಲರಿಯೊಳಗೆ ಬರುತ್ತದಾ?

ನನಗೆ ಇದು ಇಷ್ಟು ತಟ್ಟಲು ಕಾರಣವಿದೆ. ನಮ್ಮ ಏರಿಯಾದಲ್ಲಿ ಮಳೆನೀರು ತುಂಬಿದ ಗುಂಡಿಗೆ ಸ್ಕೂಟರ್ ಇಳಿದು ನನ್ನ ತಂಗಿ ಬಿದ್ದಳು. ಗಲ್ಲಕ್ಕೆ ಮೂರು ಹೊಲಿಗೆ. ಮಾರನೇ ದಿನ ಎಳನೀರು ಮಾರುವ ಅಜ್ಜ ಅದೇ ಗುಂಡಿಯಲ್ಲಿ ಒಂದು ಹೊಂಗೆ ಕೊಂಬೆ ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಆ ಕೊಂಬೆಗೂ ಈ ಮೊಸಳೆಗೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಹಿಂದೆ ಬರುವವರಿಗಾಗಿ ಇಟ್ಟಿದ್ದು, ಅಲ್ವಾ?