'ಇಲ್ಲ' ಅನ್ನೋಕೆ ಬರದ ಹೀರೋ ನನಗೆ ಬೇಡ

ಗೇಮಿನಲ್ಲಿ ಲವ್ ಟ್ರ್ಯಾಕ್ ಇದೆ ಅಂದರೆ ನಾನು ಮೊದಲು ನೋಡೋದು ಅದನ್ನೇ. ಕತ್ತಿ, ಗನ್ನು, ಮ್ಯಾಪು ಎಲ್ಲ ಆಮೇಲೆ. ಇದಕ್ಕೆ ಕೆಲವರು ನಗುತ್ತಾರೆ, ನಗಲಿ ಬಿಡಿ. ಆದರೆ ಒಂದು ಜಗಳ ನನ್ನದು ಯಾವಾಗಲೂ ಇದೆ. ಪ್ರೇಮಿಯ ಮುಖ ಬಿಡಿಸೋಕೆ ಗೇಮ್ ಮಾಡುವವರು ಪಡುವ ಕಷ್ಟದಲ್ಲಿ ಅರ್ಧದಷ್ಟನ್ನೂ ಅವನ ಬದುಕು ಬರೆಯೋಕೆ ಪಡುವುದಿಲ್ಲ.

ಚೂಪು ಗಲ್ಲ, ಹಣೆ ಮೇಲೆ ಬೀಳುವ ಕೂದಲು, ಜೊತೆಗೊಂದು ಕಣ್ಣೀರಿನ ಹಳೇ ಕಥೆ. ನಾವು ಹೋಗಿ ಮಾತಾಡಿಸುವ ತನಕ ಗೋಡೆಗೆ ಒರಗಿ ನಿಂತೇ ಇರುತ್ತಾನೆ, ಪಾಪ. ಹೊಲ ಮಾಡಿಕೊಂಡು ಹಳ್ಳಿಯಲ್ಲಿ ಬದುಕುವ ಗೇಮ್ ಸ್ಟಾರ್‌ಡ್ಯೂ ವ್ಯಾಲಿ (2016) ನನಗೆ ಪ್ರಾಣ. ಅಲ್ಲಿನ ಸೆಬಾಸ್ಟಿಯನ್‌ಗೆ ಬೈಕಿದೆ, ಶುಕ್ರವಾರ ಗೆಳೆಯನ ಜೊತೆ ಪೂಲ್ ಆಟ ಇದೆ, ಅಷ್ಟರ ಮಟ್ಟಿಗೆ ಪರವಾಗಿಲ್ಲ. ಆದರೂ ವಾರಕ್ಕೆ ಎರಡು ಗಿಫ್ಟ್ ಕೊಟ್ಟು ಕೊಟ್ಟು ಸ್ನೇಹ ಅಳೆಯುವ ಎಂಟು ಹಾರ್ಟ್ ತುಂಬಿಸಿ ಹೂಗುಚ್ಛ ಹಿಡಿದು ನಿಂತಾಗ ನನಗೆ ಅನಿಸಿದ್ದು ಸಾಲದ ಕೊನೆ ಕಂತು ಕಟ್ಟಿದ ಹಾಗೆ! ಮದುವೆ ಆದ ಮೇಲಂತೂ ಹೇಳಿದ್ದನ್ನೇ ಹೇಳುತ್ತಾನೆ.

ಈಗ ಗ್ಯಾರಸ್‌ನ ನೋಡಿ. ಮಾಸ್ ಎಫೆಕ್ಟ್ ಮೊದಲ ಭಾಗದಲ್ಲಿ (2007) ಅವನು ಬರೀ ಜೊತೆಗಾರ. 2010ರ ಎರಡನೇ ಭಾಗದಲ್ಲಿ ನಾವು ಆಡಿಸುವ ನಾಯಕ ಪಾತ್ರ ಶೆಪರ್ಡ್ ಹೆಣ್ಣಾಗಿದ್ದರೆ ಅವಳಿಗೆ ಪ್ರೇಮಿಯಾದ. ಮನುಷ್ಯನೇ ಅಲ್ಲ. ತುಟಿ ಇಲ್ಲ, ಮುಖವೆಲ್ಲ ಚಿಪ್ಪು, ಸಾಲದು ಅಂತ ಒಂದು ಕಡೆ ದೊಡ್ಡ ಗಾಯದ ಕಲೆ. ನಾವು ಆಸೆಯಿಂದ ಮಾತಾಡಿಸೋಕೆ ಹೋದರೆ, ಈಗ ಫಿರಂಗಿ ಸರಿಮಾಡ್ತಿದ್ದೀನಿ, ಆಮೇಲೆ ಬಾ ಅನ್ನೋ ಧಾಟಿಯಲ್ಲಿ ವಾಪಸ್ ಕಳಿಸುತ್ತಾನೆ. ಅದೇ ಆಸಾಮಿ ಕೊನೆಯ ಯುದ್ಧಕ್ಕೆ ಮುಂಚೆ ಒಂದು ಬಾಟಲಿ ವೈನ್ ಹಿಡಿದು ನಮ್ಮ ಕೋಣೆಗೆ ಬರುತ್ತಾನೆ. ಯಾವುದೋ ಹಾಡು ಹಾಕುತ್ತಾನೆ. ಯುದ್ಧದಲ್ಲಿ ನಡುಗದವನು ಇಲ್ಲಿ ಏನೇನೋ ತಡಬಡಾಯಿಸುತ್ತಾನೆ. ಹಾಡು ನಾವೇ ನಿಲ್ಲಿಸಬೇಕಾಗುತ್ತದೆ. ಆ ಒಂದು ಸೀನಿಗೆ ಎಷ್ಟು ಜನ ಹುಡುಗಿಯರು ಬಿದ್ದುಹೋಗಿದ್ದಾರೋ! ಅಲ್ಲಿ ಅವನು ಹೀರೋ ಥರ ಕಾಣುವುದೇ ಇಲ್ಲ, ಅದಕ್ಕೇ.

ಬಾಲ್ಡರ್ಸ್ ಗೇಟ್ 3ರ (2023) ಆಸ್ಟೇರಿಯನ್ ಇದಕ್ಕೆ ಪೂರ್ತಿ ಉಲ್ಟಾ. ಚಂದದ ಮುಖ, ಮೋಡಿಯ ಮಾತು, ಎಲ್ಲ ಹಳೇ ಸರಕೇ. ಆದರೆ ಎರಡನೇ ಅಂಕದಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ, ನಿನ್ನನ್ನು ಬಲೆಗೆ ಹಾಕಿಕೊಂಡಿದ್ದು ನನ್ನ ರಕ್ಷಣೆಗೆ ಅಂತ. ಇನ್ನೂರು ವರ್ಷ ತನ್ನ ರಕ್ತಪಿಶಾಚಿ ಯಜಮಾನನಿಗೋಸ್ಕರ ಜನರನ್ನು ಮರುಳು ಮಾಡಿ ತಂದವನಿಗೆ ಮರುಳು ಮಾಡೋದು ಬಿಟ್ಟು ಬೇರೆ ದಾರಿ ಗೊತ್ತಿಲ್ಲ. ಆಗ ನಮಗೆ ಸಿಗುವ ಆಪ್ಷನ್‌ಗಳಲ್ಲಿ ಒಂದು, ಸುಮ್ನೆ ತಬ್ಬಿಕೊಳ್ಳೋದು. ನಾನು ಅದನ್ನೇ ಒತ್ತಿದೆ. ಅವನು ಮೊದಲು ಏನು ಮಾಡಬೇಕು ಅಂತ ಗೊತ್ತಾಗದೆ ಸೆಟೆದು ನಿಂತ.

ಒಬ್ಬಳು ಗೆಳತಿ ಹೇಳ್ತಾಳೆ, "ದಿನವಿಡೀ ಎಲ್ಲರ ಕೈಲಿ ಇಲ್ಲ ಅನ್ನಿಸ್ಕೊಂಡು ಬರ್ತೀನಿ ಕಣೇ, ಗೇಮಲ್ಲೂ ಅನ್ನಿಸ್ಕೋಬೇಕಾ?" ಅಂತ. ಒಪ್ಪುತ್ತೀನಿ. ಹುಡುಗಿಯರಿಗೋಸ್ಕರ ಬಂದ ಪ್ರೇಮದ ಆಟಗಳ ಸಾಲು ಶುರುವಾಗಿದ್ದೇ 1994ರಲ್ಲಿ, ಜಪಾನಿನ ಆಂಜೆಲೀಕ್‌ನಿಂದ. ಸಮಾಧಾನ ಬೇಕು ಅಂತ ಆಡೋರನ್ನು ಆಡಿಕೊಳ್ಳಲ್ಲ. ಆದರೆ ಆ ಆಟದಲ್ಲೂ ನಾಯಕಿ ರಾಣಿಯಾಗುವ ಪಂದ್ಯದಲ್ಲಿರುತ್ತಾಳೆ, ಪ್ರೀತಿ ಆರಿಸಿಕೊಂಡರೆ ಸಿಂಹಾಸನ ಬಿಡಬೇಕು. ಪುಕ್ಕಟೆ ಏನೂ ಸಿಗಲ್ಲ ಅಲ್ವಾ?

ನನ್ನನ್ನು ನಿಜವಾಗಿ ಕೆಡಿಸಿದವನು ಅಲಿಸ್ಟರ್. ಡ್ರ್ಯಾಗನ್ ಏಜ್: ಒರಿಜಿನ್ಸ್, 2009. ಹಾಳಾಗುತ್ತಿದ್ದ ಲೋದರಿಂಗ್ ಅನ್ನೋ ಊರಲ್ಲಿ ಕಿತ್ತಿಟ್ಟುಕೊಂಡ ಒಂದು ಗುಲಾಬಿಯನ್ನು ನಾಚಿಕೊಂಡು ತಂದುಕೊಡ್ತಾನೆ, ಮಾತು ಮಾತಿಗೆ ಜೋಕು. ಇಂಥವನು ನಾನು ಏನು ಮಾಡಿದರೂ ಸಹಿಸ್ಕೋತಾನೆ ಅಂದುಕೊಂಡೆ. ಅವನಿಗೆ ತಂದೆಯಂತಿದ್ದ ಗುರು ಸತ್ತಿದ್ದು ಸೇನಾಪತಿ ಲೋಗೇನ್ ಯುದ್ಧದಲ್ಲಿ ಮಾಡಿದ ದ್ರೋಹದಿಂದ. ಆಮೇಲೆ ರಾಜ್ಯದ ಪ್ರಭುಗಳ ಸಭೆಯಲ್ಲಿ ಲೋಗೇನ್ ಸೋತಾಗ, ಒಳ್ಳೆ ಯೋಧ, ಇರಲಿ ಅಂತ ನಾನು ಅವನನ್ನು ನಮ್ಮ ಪಡೆಗೇ ಸೇರಿಸಿಕೊಂಡೆ. ಅಲಿಸ್ಟರ್ ಹೊರಟೇಹೋದ. ಪ್ರೀತಿಯ ಪಾಯಿಂಟ್ ಹೆಚ್ಚುಕಮ್ಮಿ ತುಂಬಿತ್ತು, ಏನೂ ಕೆಲಸಕ್ಕೆ ಬರಲಿಲ್ಲ.

ಹಳೇ ಸೇವ್ ಲೋಡ್ ಮಾಡಿ ಬೇರೆ ಬೇರೆ ಉತ್ತರ ಒತ್ತಿ ನೋಡಿದೆ. ಲೋಗೇನ್‌ನ ಉಳಿಸಿಕೊಂಡಷ್ಟು ಸಲವೂ ಅವನು ಎದ್ದು ಹೋದ.