ಏಜೆಂಟರ ಡೈರಿಯನ್ನು ಎಐ ಕೈಗೆ ಕೊಡಬಹುದೇ?

ಕಂತು ನೆನಪಿಸುವುದು, ಗ್ರಾಹಕರ ಪ್ರಶ್ನೆಗೆ ಉತ್ತರ ಕೊಡುವುದು, ಹೊಸ ಪಾಲಿಸಿಗೆ ಜನ ಹುಡುಕುವುದು, ಇದಕ್ಕೆಲ್ಲ ಈಗ ಸಾಫ್ಟ್‌ವೇರ್ ಬಂದಿದೆ. ವಿಮಾ ಏಜೆನ್ಸಿ ನಡೆಸುವವರು ಅದನ್ನು ಎಷ್ಟು ದೂರ ಒಳಗೆ ಬಿಟ್ಟುಕೊಳ್ಳಬೇಕು? ಸುರತ್ಕಲ್‌ನ ಏಜೆಂಟ್ ಒಬ್ಬರು ಪರ, ಮಲ್ಪೆಯ ಏಜೆಂಟ್ ಒಬ್ಬರು ವಿರೋಧ ಬರೆದಿದ್ದಾರೆ.

ಪರ

ಅಮ್ಮನ ಡೈರಿಗಳು ಈಗಲೂ ನನ್ನ ಮೇಜಿನ ಮೇಲೆ ಉಂಟು. ಕಂದು ರೆಕ್ಸಿನ್ ರಟ್ಟು. ತಿಂಗಳಿಗೊಂದು ಪುಟ, ಡ್ಯೂ, ಅಂದರೆ ಕಟ್ಟಬೇಕಾದ ಕಂತು, ಇರುವವರ ಹೆಸರು ನೀಲಿ ಶಾಯಿಯಲ್ಲಿ, ಕಟ್ಟಿದವರ ಮುಂದೆ ಕೆಂಪು ಟಿಕ್. ಸುರತ್ಕಲ್, ಕಾಟಿಪಳ್ಳ, ಕುಳಾಯಿ ಅಂತ ಸಿಟಿ ಬಸ್ಸಿನಲ್ಲೇ ಓಡಾಡಿ ಅಮ್ಮ ಸಾವಿರದ ನಾನೂರು ಪಾಲಿಸಿ ಮಾಡಿದ್ದರು. ಯಾರ ಮನೆಯಲ್ಲಿ ಯಾವಾಗ ಮದುವೆ, ಯಾರ ಮಗ ದುಬೈಯಿಂದ ಯಾವಾಗ ಬರುತ್ತಾನೆ, ಎಲ್ಲ ಅವರ ಬಾಯಲ್ಲೇ ಇತ್ತು.

2016ರ ಡೈರಿಯ ಜುಲೈ ಪುಟದಲ್ಲಿ ಒಂದು ಹೆಸರಿಗೆ ಟಿಕ್ ಇಲ್ಲ. ಆ ತಿಂಗಳು ಅಮ್ಮ ಡೆಂಗ್ಯೂ ಆಗಿ ಆಸ್ಪತ್ರೆಯಲ್ಲಿದ್ದರು. ಬಸ್ ಡ್ರೈವರ್ ಒಬ್ಬರ ಟರ್ಮ್ ಪಾಲಿಸಿ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ದುಡ್ಡು ಬರುವಂಥದ್ದು), ವರ್ಷಕ್ಕೊಂದು ಕಂತು. ಡ್ಯೂ ದಾಟಿದ ಮೇಲೆ ಕಟ್ಟಲಿಕ್ಕೆ 30 ದಿನ ಗ್ರೇಸ್, ಅಂದರೆ ಹೆಚ್ಚಿನ ಸಮಯ, ಇರುತ್ತದೆ. ಅದರೊಳಗೆ ತೀರಿಕೊಂಡರೆ ಬಾಕಿ ಕಂತನ್ನು ಮುರಿದುಕೊಂಡು ಉಳಿದ ದುಡ್ಡು ಮನೆಯವರಿಗೆ ಕೊಡುತ್ತಾರೆ. ಆ ಡ್ರೈವರ್ ತೀರಿಕೊಂಡದ್ದು ನಲವತ್ತೊಂದನೇ ದಿನ. ಕಂತು ಕಟ್ಟದೆ ಟರ್ಮ್ ಪಾಲಿಸಿ ಲ್ಯಾಪ್ಸ್ ಆದರೆ (ನಿಂತುಹೋದರೆ) ಕೈಗೆ ಬರುವುದು ಸೊನ್ನೆ. ಅಮ್ಮ ಆ ಮನೆಯ ಗೇಟಿನ ಹತ್ತಿರವೇ ನಿಂತುಬಿಟ್ಟರು, ಮೆಟ್ಟಿಲು ಹತ್ತಲಿಕ್ಕೆ ಆಗಲಿಲ್ಲ. ನಾನು ಜತೆಗಿದ್ದೆ.

ಮೂರು ವರ್ಷದ ಹಿಂದೆ ಏಜೆನ್ಸಿ ಕೆಲಸ ನನ್ನ ಕೈಗೆ ಬಂದಾಗ ಮೊದಲು ಮಾಡಿದ್ದು ಆ ಡೈರಿಗಳನ್ನೆಲ್ಲ ಎಕ್ಸೆಲ್‌ಗೆ ಏರಿಸುವ ಕೆಲಸ. ಈಗ ಡ್ಯೂಗೆ ತಿಂಗಳು ಮೊದಲು ಒಂದು ವಾಟ್ಸಾಪ್ ತಾನಾಗಿ ಹೋಗುತ್ತದೆ, ಹದಿನೈದು ದಿನ ಇರುವಾಗ ಇನ್ನೊಂದು, ಗ್ರೇಸ್ ಶುರುವಾದ ದಿನ ಮತ್ತೊಂದು. ಓದಲಿಕ್ಕೆ ಬಾರದವರಿಗೆ ನನ್ನದೇ ಧ್ವನಿಯ ತುಳು ರೆಕಾರ್ಡಿಂಗ್. ಬೆಳಿಗ್ಗೆ ಒಂಬತ್ತಕ್ಕೆ ನನ್ನ ಫೋನಿಗೊಂದು ಪಟ್ಟಿ ಬರುತ್ತದೆ: ಮೆಸೇಜ್ ನೋಡದವರು, ನೋಡಿಯೂ ಕಟ್ಟದವರು. ಸಾವಿರದ ನಾನೂರರಲ್ಲಿ ಆ ದಿನ ನಾನು ಮಾತಾಡಲೇಬೇಕಾದವರು ಏಳೆಂಟು ಮಂದಿ. ಅವರಿಗೆ ನಾನೇ ಫೋನ್ ಮಾಡುತ್ತೇನೆ, ಎತ್ತದಿದ್ದರೆ ಸ್ಕೂಟರ್ ತೆಗೆಯುತ್ತೇನೆ. ನನಗೆ ಡೆಂಗ್ಯೂ ಬಂದರೂ ಆ ಪಟ್ಟಿ ಬರುತ್ತದೆ, ತಮ್ಮ ನೋಡಿಕೊಳ್ಳುತ್ತಾನೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ಜಿಎಸ್‌ಟಿ ಹೋಯಿತಲ್ಲ, ಆ ವಾರ ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ಕ, ನಮಗೆ ಎಷ್ಟು ಕಮ್ಮಿ ಆಗ್ತದೆ?" ಒಂದೇ ಉತ್ತರ ಎಲ್ಲರಿಗೂ ಆಗುವುದಿಲ್ಲ. ಟರ್ಮ್‌ಗೆ, ಆರೋಗ್ಯ ವಿಮೆಗೆ ಇದ್ದದ್ದು ಶೇ. 18. ಉಳಿತಾಯವೂ ಸೇರಿರುವ ಎಂಡೋಮೆಂಟ್ ಪಾಲಿಸಿಗೆ ಮೊದಲ ವರ್ಷ ಶೇ. 4.5, ಆಮೇಲೆ ಶೇ. 2.25. ಆಫೀಸಿನ ಗ್ರೂಪ್ ಪಾಲಿಸಿಗೆ ವಿನಾಯಿತಿಯೇ ಇಲ್ಲ. ಪಾಲಿಸಿ ನೋಡಿ ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ ಮಾಡಿ ಕನ್ನಡದಲ್ಲಿ ಬರೆದಿಡು ಅಂತ ಎಐಗೆ ಹೇಳಿದೆ. ಒಂದು ಸಂಜೆ ಕೂತು ತಿದ್ದಿ ಎಲ್ಲರಿಗೂ ಕಳಿಸಿದೆ. ಅಮ್ಮನ ಕಾಲದಲ್ಲಾದರೆ ದಸರಾ ಕಳೆದರೂ ಮುಗಿಯುತ್ತಿರಲಿಲ್ಲ.

ತಿದ್ದಿ ಅಂದೆ. ಅದು ಮುಖ್ಯ. ಒಮ್ಮೆ ಅದು ಆರೋಗ್ಯ ವಿಮೆಯಲ್ಲಿ ಮೊದಲಿಂದಲೇ ಇರುವ ಕಾಯಿಲೆಯ ಖರ್ಚು ಸಿಗಲಿಕ್ಕೆ 48 ತಿಂಗಳು ಕಾಯಬೇಕು ಅಂತ ಬರೆದಿತ್ತು. 2024ರಿಂದ ಆ ಮಿತಿ ಹೆಚ್ಚೆಂದರೆ 36 ತಿಂಗಳು. ಪಾಲಿಸಿ ಬಾಂಡ್ ತೆರೆದು ನೋಡದೆ ನಾನು ಯಾವುದನ್ನೂ ಕಳಿಸುವುದಿಲ್ಲ. ಗುಮಾಸ್ತ ಬರೆದ ಪತ್ರವನ್ನು ಓದದೆ ಸಹಿ ಹಾಕುವವರು ಗುಮಾಸ್ತನನ್ನು ದೂರಿ ಪ್ರಯೋಜನ ಇಲ್ಲ.

ಏಜೆನ್ಸಿ ಬೆಳೆದದ್ದು ಹೊಸಬರ ನಂಬರ್ ಖರೀದಿಸಿ ಅಲ್ಲ. ಎಂಟು ವರ್ಷದಿಂದ ಎರಡು ಲಕ್ಷದ ಆರೋಗ್ಯ ವಿಮೆಯಲ್ಲೇ ನಿಂತಿರುವ ಮನೆಗಳು ಯಾವುವು, ಮನೆ ಸಾಲ ಇದ್ದೂ ಟರ್ಮ್ ಇಲ್ಲದವರು ಯಾರು ಅಂತ ನಮ್ಮದೇ ಪಟ್ಟಿಯೊಳಗೆ ಹುಡುಕಿಸಿದೆ. ಆ ಮನೆಗಳಿಗೆ ಹೋಗಿ ಕೂತು ಮಾತಾಡಿದೆ. ಹೋಗಲಿಕ್ಕೆ ಸಮಯ ಸಿಕ್ಕಿದ್ದು ಯಂತ್ರದಿಂದ. ಕ್ಲೇಮ್ ಇದ್ದಾಗ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಮುಂದೆ ನಾಲ್ಕು ಗಂಟೆ ನಿಲ್ಲಲಿಕ್ಕೂ ಅದೇ ಸಮಯ. ಆ ಡ್ರೈವರ್ ಹೆಸರು ನಮ್ಮ ಎಕ್ಸೆಲ್‌ನಲ್ಲಿ ಇಲ್ಲ. ಜುಲೈ ಪುಟವನ್ನು ಮಾತ್ರ ನಾನು ಮೇಜಿನ ಮೇಲೆ ತೆರೆದೇ ಇಟ್ಟಿದ್ದೇನೆ.

ವಿರೋಧ

ಡ್ಯೂ ನೆನಪಿಸಲಿಕ್ಕೂ ಯಂತ್ರ ಬೇಡ ಅನ್ನುವ ಹಠ ನನಗಿಲ್ಲ. ನೆನಪಿಸಲಿ. ಆದರೆ ಈಗ ಮಾರಲಿಕ್ಕೆ ಬರುತ್ತಿರುವ ಸಾಫ್ಟ್‌ವೇರ್ ಅಷ್ಟಕ್ಕೇ ನಿಲ್ಲುವುದಿಲ್ಲ. ಗ್ರಾಹಕರ ಜತೆ ಚಾಟ್‌ಬಾಟ್ ಮಾತಾಡುತ್ತದೆ, ಪಾಲಿಸಿಗೆ ಅರ್ಜಿಯಾದ ಪ್ರಪೋಸಲ್ ಫಾರ್ಮ್ ಅದೇ ತುಂಬಿಸುತ್ತದೆ, ಹತ್ತು ನಿಮಿಷದಲ್ಲಿ ಪಾಲಿಸಿ, ನೀವು ಮನೆಯಲ್ಲಿ ಕೂತಿದ್ದರೆ ಸಾಕು ಅನ್ನುತ್ತಾರೆ. ಆ ಹತ್ತು ನಿಮಿಷದ ಬಗ್ಗೆಯೇ ನನ್ನ ತಕರಾರು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಗೊತ್ತಾದದ್ದು, ಕ್ಲೇಮ್ ಕೆಡುವುದು ಸಾವಿನ ದಿನ ಅಲ್ಲ, ಫಾರ್ಮ್ ತುಂಬಿದ ದಿನ.

ಮಲ್ಪೆಯಲ್ಲಿ ಬೋಟಿಗೆ ಹೋಗುವವರೊಬ್ಬರ ಮನೆ. ಜಗಲಿಯಲ್ಲಿ ಬಲೆ ಹರಡಿತ್ತು, ಅದರ ಅಂಚಿನಲ್ಲೇ ಕೂತು ಫಾರ್ಮ್ ಬರೆಯುತ್ತಿದ್ದೆ. ಬಿಪಿ? "ಇಜ್ಜಿ." ತುಳುವಿನಲ್ಲಿ ಇಲ್ಲ ಅಂತ. ಶುಗರ್? "ಇಜ್ಜಿ ಅಣ್ಣ, ಮಾತ ಸರಿ ಉಂಡು." ಎಲ್ಲ ಸರಿ ಇದೆ ಅಂತ. ಆಸ್ಪತ್ರೆಗೆ ಸೇರಿದ್ದು ಉಂಟಾ? ಇಲ್ಲ. ನೀರು ತರಲು ಒಳಗೆ ಹೋದ ಅವರ ಹೆಂಡತಿ ನನ್ನ ಮುಖ ನೋಡದೆ ಲೋಟ ಇಟ್ಟರು. ನನ್ನ ಕಣ್ಣು ಟಿವಿ ಕಡೆ ಹೋಯಿತು. ಟಿವಿ ಸ್ಟ್ಯಾಂಡಿನ ಮೇಲೆ, ದೇವರ ಫೋಟೋದ ಪಕ್ಕ, ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಅರ್ಧ ಖಾಲಿಯಾದ ಸ್ಟ್ರಿಪ್. ಇದು ಯಾರದ್ದು ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅವರೇ, "ಬರೆದರೆ ಪಾಲಿಸಿ ಕೊಡುವುದಿಲ್ಲವಂತೆ ಅಲ್ವಾ?" ಅಂದರು.

ಅವರು ಮೋಸಗಾರರಲ್ಲ. ಹೆದರಿದ್ದರು, ಅಷ್ಟೇ. ನಾನು ಆ ಪೆನ್ನು ಕೆಳಗಿಟ್ಟು ವಿವರಿಸಿದೆ. 1938ರ ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷ ದಾಟಿದ ಜೀವ ವಿಮಾ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವ ಹಾಗಿಲ್ಲ, ಅದರೊಳಗೆ ಸಾವಾದರೆ ಹಳೆಯ ಆಸ್ಪತ್ರೆ ಚೀಟಿಯವರೆಗೂ ಕೆದಕುತ್ತಾರೆ. ಮುಚ್ಚಿಟ್ಟದ್ದು ಸಿಕ್ಕಿದರೆ ಹೆಂಡತಿ ಮಕ್ಕಳಿಗೆ ವಿಮೆಯ ಮೊತ್ತ ಸಿಗದೆ ಹೋಗಬಹುದು. ಬರೆದರೆ ಕಂತು ಸ್ವಲ್ಪ ಜಾಸ್ತಿಯಾಗಬಹುದು. ಬರೆದೆವು. ಟೆಸ್ಟ್ ಆಯಿತು, ಕಂತು ಜಾಸ್ತಿಯೇ ಆಯಿತು. ಎರಡನೇ ವರ್ಷ ಅವರು ಹೃದಯಾಘಾತವಾಗಿ ತೀರಿಕೊಂಡರು. ತನಿಖೆಗೆ ಬಂದವರು ಫಾರ್ಮ್ ನೋಡಿದರು, ಶುಗರ್ ಉಂಟು ಅಂತ ಬರೆದದ್ದು ಅಲ್ಲಿತ್ತು. ಕ್ಲೇಮ್ ಬಂತು.

ಫೋನಿನ ಪರದೆ ಮೇಲೆ "ನಿಮಗೆ ಮಧುಮೇಹ ಇದೆಯೇ?" ಅಂತ ಬಂದಿದ್ದರೆ ಅವರು "ಇಲ್ಲ" ಒತ್ತುತ್ತಿದ್ದರು. ಯಂತ್ರ ಧನ್ಯವಾದ ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತಿತ್ತು. ಟಿವಿ ಸ್ಟ್ಯಾಂಡಿನ ಮೇಲೇನಿದೆ ಅಂತ ಅದಕ್ಕೆ ಕಾಣುವುದಿಲ್ಲ.

ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ತಂದದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ದಿನಕ್ಕೆ ಎರಡಾಣೆ ಒಟ್ಟು ಮಾಡಲಿಕ್ಕೆ ಮನೆ ಬಾಗಿಲಿಗೆ ಜನ ಹೋಗುತ್ತಿದ್ದರು. ಈಗ ಪಿಗ್ಮಿಯವರ ಕೈಯಲ್ಲೂ ರಸೀದಿ ಯಂತ್ರ ಇದೆ, ನಿಜ. ಆದರೆ ಬಾಗಿಲಿಗೆ ಬರುವುದು ಮನುಷ್ಯರೇ.

ಕಂತಿನ ವಿಷಯವೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, 61 ದಿನ ಹಿಡಿದ ಮೀನಿನ ದುಡ್ಡಿನಲ್ಲಿ ಸಿಗುವ ಪಾಲು ಇಲ್ಲ. ಬೋಟಿನವರಿಗೆ ನಾನು ಪಾಲಿಸಿ ಬರೆಯುವುದೇ ಅಕ್ಟೋಬರ್–ನವೆಂಬರ್‌ನಲ್ಲಿ, ಕೈಯಲ್ಲಿ ಕಾಸು ಓಡಾಡುವ ಕಾಲ. ಮೇ ತಿಂಗಳ ಟಾರ್ಗೆಟ್ ಮುಟ್ಟಿಸಲು ಆನ್‌ಲೈನಿನಲ್ಲಿ ತಿಂಗಳ ಕಂತಿಗೆ ಹಿಡಿಸಿದ ಪಾಲಿಸಿ ಜುಲೈ ಬರುವಷ್ಟರಲ್ಲಿ ಲ್ಯಾಪ್ಸ್. ತಿಂಗಳ ಕಂತಿಗೆ ಗ್ರೇಸ್ ಬರೇ 15 ದಿನ. ಮುನ್ನೂರು ಮೆಸೇಜ್ ಕಳಿಸಿದರೂ ಇಲ್ಲದ ದುಡ್ಡು ಹುಟ್ಟುವುದಿಲ್ಲ.

ಗ್ರಾಹಕರ ಕಾಯಿಲೆ, ಆದಾಯ, ಸಾಲದ ವಿವರವನ್ನೆಲ್ಲ ಯಾವುದೋ ಆ್ಯಪ್‌ಗೆ ಸುರಿಯುವುದೂ ನನಗೆ ಒಪ್ಪಿಗೆಯಿಲ್ಲ. 2023ರಲ್ಲಿ ದತ್ತಾಂಶ ರಕ್ಷಣೆಗೆ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ, ಒಬ್ಬರು ನನ್ನನ್ನು ನಂಬಿ ಹೇಳಿದ ಕಾಯಿಲೆ ನನ್ನದಲ್ಲ.

ಇನ್ನು ನಾಮಿನಿ. ಫಾರ್ಮಿನಲ್ಲಿ ಇದು ಒಂದು ಗೆರೆಯ ಜಾಗ, ನಮ್ಮ ಜಿಲ್ಲೆಯಲ್ಲಿ ಒಂದು ಗಂಟೆಯ ಮಾತು. ಆಸ್ತಿ ಹೆಣ್ಣಿನ ಕಡೆಯಿಂದ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ, ಹೋಗುವ ಅಳಿಯಕಟ್ಟು ಇದ್ದ ಊರು ಇದು. ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ತಂಗಿಯ ಮಗನನ್ನು, ಅಂದರೆ ಸೋದರಳಿಯನನ್ನು, ನಾಮಿನಿ ಮಾಡುವವರು ಇನ್ನೂ ಇದ್ದಾರೆ. ಹೆಸರು ಬರೆದರೆ ದುಡ್ಡು ಅವನದ್ದೇ ಅಂತ ಅವರ ನಂಬಿಕೆ. ಅದು ಹಾಗಲ್ಲ. ವಿಮಾ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಮೇಲೆ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ದುಡ್ಡು ಅವರದ್ದೇ ಅಂತ ಕಾಯ್ದೆ ಹೇಳುತ್ತದೆ. ಅಳಿಯ ನಾಮಿನಿಯಾದರೆ ಅವನು ಚೆಕ್ ತೆಗೆದುಕೊಂಡು ಕಾನೂನಿನ ವಾರಸುದಾರರಿಗೆ ದಾಟಿಸಬೇಕಾದವನು. ಅಳಿಯನಿಗೇ ಸೇರಬೇಕಿದ್ದರೆ ಉಯಿಲು ಬೇಕು. ಅಳಿಯನ ಹೆಸರು ಟೈಪ್ ಮಾಡಿದರೆ ಪರದೆ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಮುಂದೆ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ.

ಹೋದ ತಿಂಗಳು ಒಬ್ಬ ಹಿರಿಯರು ಬಂದಿದ್ದರು. ಮಗಳು ಆನ್‌ಲೈನಿನಲ್ಲಿ ಮಾಡಿಸಿದ ಪಾಲಿಸಿ, ನಾಮಿನಿ ತಂಗಿಯ ಮಗ. ವಿಷಯ ಹೇಳಿದೆ. ತುಂಬ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಹೆಂಡತಿಯನ್ನು ಕೇಳಿ ನಾಳೆ ಬರುತ್ತೇನೆ, ಆ ಫಾರ್ಮ್ ತೆಗೆದಿಟ್ಟಿರಿ" ಅಂದರು. ತೆಗೆದಿಟ್ಟೆ. ಮರುದಿನ ಇಬ್ಬರೂ ಒಟ್ಟಿಗೆ ಬಂದರು.